ಕಾಚಿಗುಡದ ಗೋಡೆಯ ಪತಂಗಗಳು

ಹೈದರಾಬಾದಿಗೆ ಹೋದವರು ಚಾರ್ಮಿನಾರ್, ಗೋಲ್ಕೊಂಡ, ಸಾಲಾರ್ ಜಂಗ್ ಮ್ಯೂಸಿಯಂ ನೋಡಿ ಬರುತ್ತಾರೆ. ನೋಡಲೇಬೇಕಾದ ಜಾಗಗಳೇ. ಮಳೆಗಾಲದಲ್ಲಿ ಹೋದರೆ ಮಾತ್ರ ಒಂದು ಸಂಜೆಯನ್ನು ಉಳಿದುಕೊಂಡ ಮನೆಯ ವರಾಂಡಕ್ಕೂ ಕೊಡಿ. ನಾನು ಕೊಟ್ಟದ್ದು ಕಾಚಿಗುಡದಲ್ಲಿರುವ ಅತ್ತೆಯ ಮನೆಗೆ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ, ಓದಿಗೆ, ನೌಕರಿಗೆ ಆ ಕಡೆಯವರು ಬರುತ್ತಿದ್ದದ್ದು ಇಲ್ಲಿಗೇ. ಕಾಚಿಗುಡದ ಗಲ್ಲಿಗಳಲ್ಲಿ ಇವತ್ತಿಗೂ ಕನ್ನಡ ಕಿವಿಗೆ ಬೀಳುತ್ತದೆ.

ಟ್ಯೂಬ್‌ಲೈಟಿನ ಕೆಳಗೆ ಗೋಡೆಗೆ ಮೂಗು ತಾಗಿಸಿ ನಿಂತಿದ್ದೆ. "ಗ್ವಾಡ್ಯಾಗ ಏನ್ ನೋಡ್ತಿ ತಮ್ಮಾ? ಕಸ ಅದ, ಬಾರಿಗಿಲೆ ಉದುರಸ್ತೀನಿ ತಡಿ" ಎಂದರು ಅತ್ತೆ. ಕಸದಂತೆ ಕಂಡದ್ದು ಒಂದು ಸೆಂಟಿಮೀಟರ್ ಉದ್ದದ ಬೂದು ಚೀಲ. ಕುಂಬಳಬೀಜದ ಹಾಗೆ ಚಪ್ಪಟೆ, ನಡು ಅಗಲ. ತಡೆದು ನೋಡಿದರೆ ಒಂದು ತುದಿಯಿಂದ ಕಂದು ತಲೆ ಹೊರಬಂತು, ಗೋಡೆ ಹಿಡಿದು ಚೀಲವನ್ನು ಎಳೆದುಕೊಂಡಿತು. ಕಡ್ಡಿ ಅಡ್ಡ ಹಿಡಿದಾಗ ತಲೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ತುದಿಯಿಂದ ಇಣುಕಿತು! ಚೀಲಕ್ಕೆ ಎರಡು ಬಾಗಿಲು, ಹುಳು ಒಳಗೇ ಹೊರಳುತ್ತದೆ. ಇದು ಫೆರಿಯೋಎಕಾ ಕುಲದ ಪುಟ್ಟ ಪತಂಗದ ಮರಿ. ತನ್ನದೇ ರೇಷ್ಮೆ ಎಳೆಗೆ ಮರಳು, ಧೂಳು, ಸುಣ್ಣದ ಕಣ ಅಂಟಿಸಿ ಮನೆ ಕಟ್ಟಿಕೊಳ್ಳುತ್ತದೆ. ಹಳೆಯ ಜೇಡರಬಲೆ, ಉದುರಿದ ಕೂದಲು, ಉಣ್ಣೆಯ ಎಳೆ ತಿನ್ನುತ್ತದೆ. ಬೆಂಗಳೂರಿನ ಗೋಡೆಗಳಲ್ಲೂ ಇದು ಉಂಟು, ನಾವು ಗುಡಿಸಿ ಹಾಕುತ್ತೇವೆ ಅಷ್ಟೆ.

ಭಾರತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಗೆಯ ಪತಂಗಗಳಿವೆ. ನೀಲಗಿರಿಯಲ್ಲಿ ಟೀ ತೋಟಗಾರನಾಗಿದ್ದ ಜಾರ್ಜ್ ಹ್ಯಾಂಪ್ಸನ್ 1892ರಿಂದ 1896ರವರೆಗೆ ನಾಲ್ಕು ಸಂಪುಟಗಳಲ್ಲಿ ಇವನ್ನು ವಿಂಗಡಿಸಿ ಬರೆದ. ಮನೆಗೆ ಬಂದದ್ದನ್ನು ಗುರುತಿಸಲು ಹೊರಟವರು ರೆಕ್ಕೆಯ ಬಣ್ಣವನ್ನೇ ನೆಚ್ಚಿದರೆ ದಾರಿ ತಪ್ಪುತ್ತದೆ. ರೆಕ್ಕೆಯ ಪುಡಿ ಉದುರಿ ಮಾಸಿರುತ್ತದೆ, ಒಂದೇ ಬಣ್ಣದವು ಹತ್ತಾರು ಇರುತ್ತವೆ. ಹಲವು ಮರಿಗಳ ಬಾಯಿ ಮಾತ್ರ ಬಲು ಚೂಸಿ. ಹಾಗಾಗಿ ಮೊದಲು ಅಂಗಳದ ಗಿಡಗಳನ್ನು ನೋಡಬೇಕು ಎಂಬುದು ನನ್ನ ಪಾಠ.

ಅತ್ತೆಯ ಅಂಗಳದಲ್ಲಿ ಪೂಜೆಯ ಹೂವಿಗೆಂದು ಕಣಗಿಲೆ, ನಂದಿಬಟ್ಟಲು ಇವೆ. ಎರಡರಲ್ಲೂ ಹಾಲು, ಕಣಗಿಲೆಯ ಹಾಲಂತೂ ದನಕ್ಕೂ ವಿಷ. ಇಂಥ ಹಾಲಿನ ಎಲೆಯನ್ನೇ ತಿಂದು ಬೆರಳುದ್ದ ಬೆಳೆದಿದ್ದ ಹಸಿರು ಹುಳು ನಂದಿಬಟ್ಟಲಿನಲ್ಲಿ ಸಿಕ್ಕಿತು. ಮುಟ್ಟಲು ಹೋದರೆ ತಲೆ ಒಳಗೆಳೆದು, ಕತ್ತಿನ ಬಳಿ ಎರಡು ನೀಲಿ ಕಣ್ಣು ಬಿಟ್ಟಿತು. ನಿಜವಾದ ಕಣ್ಣಲ್ಲ, ಹಕ್ಕಿಯನ್ನು ಹೆದರಿಸುವ ಚಿತ್ತಾರ. ಇದೇ ಮುಂದೆ ಡಾಫ್ನಿಸ್ ನೀರಿಯೈ ಎಂಬ ಪತಂಗವಾಗುತ್ತದೆ: ಹಸಿರಿನ ಮೇಲೆ ಗುಲಾಬಿ, ಬಿಳಿ ಅಲೆಗಳು ಹರಡಿದ ರೆಕ್ಕೆ. ಕತ್ತಲಾಗುವ ಹೊತ್ತಿಗೆ ಗಾಳಿಯಲ್ಲೇ ನಿಂತು ಹೂವಿನ ಮಕರಂದ ಹೀರುತ್ತದೆ. ಇಷ್ಟು ಚೆಂದದ ಜೀವಿ ಹೂಗಿಡದಲ್ಲಿ ಬೆಳೆಯುವಾಗ ಎಲೆ ಸವರಿತೆಂದು ಔಷಧಿ ಹೊಡೆಯುವುದು ಅನ್ಯಾಯ. ಗಿಡ ಮತ್ತೆ ಚಿಗುರಿಕೊಳ್ಳುತ್ತದೆ.

ಕಾಂಪೌಂಡಿನ ಅಮೃತಬಳ್ಳಿಯದು ಬೇರೆ ಕಥೆ. ಅದರ ಎಲೆ ತಿಂದು ದೊಡ್ಡದಾಗುವ ಯುಡೊಸಿಮಾ ಪತಂಗ ರೆಕ್ಕೆ ಮುಚ್ಚಿಕೊಂಡು ಕೂತಾಗ ಬರೀ ಒಣಗಿದ ಎಲೆ. ಹಾರಿದಾಗಷ್ಟೇ ಹಿಂದಿನ ರೆಕ್ಕೆಯ ಕಿತ್ತಳೆ ಬಣ್ಣ, ಕಪ್ಪು ಗುರುತು ಕಾಣುತ್ತವೆ. ಅದರ ಹೀರುಗೊಳವೆಯ ತುದಿ ಗಟ್ಟಿ, ಚೂಪು. ರಾತ್ರಿ ಹಣ್ಣಿನ ಸಿಪ್ಪೆಯನ್ನೇ ತೂತು ಮಾಡುತ್ತದೆ, ಆ ತೂತಿನಿಂದ ಹಣ್ಣು ಕೊಳೆತು ಉದುರುತ್ತದೆ. ನಲ್ಗೊಂಡದ ಮೂಸಂಬಿ ಬೆಳೆಗಾರರು ಇದಕ್ಕೆ ಹೆದರುವುದು ಸಹಜ. ಅಡುಗೆಮನೆಯ ಅಕ್ಕಿ ಡಬ್ಬದಲ್ಲಿ ಬಲೆ ಕಟ್ಟುವ ಕಾರ್ಸೈರಾ ಎಂಬ ಪತಂಗದ ಹುಳು ಎಲ್ಲರಿಗೂ ಪರಿಚಿತ, ವಿವರ ಬೇಕಿಲ್ಲ. ಆದರೂ ಒಂದು ಮಾತು: ಈ ಮನೆ ಶತ್ರುವನ್ನು ಪ್ರಯೋಗಾಲಯಗಳಲ್ಲಿ ಬೇಕೆಂದೇ ಸಾಕುತ್ತಾರೆ. ಟ್ರೈಕೋಗ್ರಾಮಾ ಎಂಬ ಅತಿಸಣ್ಣ ಕಣಜ ಇದರ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಹೀಗೆ ಬೆಳೆಸಿದ ಕಣಜಗಳನ್ನು ಕಬ್ಬು, ಭತ್ತದ ಕೊರಕ ಹುಳುವಿನ ಮೇಲೆ ಬಿಡುತ್ತಾರೆ.

ಟ್ಯೂಬ್‌ಲೈಟಿನ ಬಳಿ ಕೊನೆಗೆ ಕೂತದ್ದು ಮಣ್ಣುಬಣ್ಣದ, ಏನೂ ಅಲ್ಲದಂತಿದ್ದ ಪತಂಗ. ಮುಂದಿನ ರೆಕ್ಕೆಯಲ್ಲಿ ಮೂತ್ರಪಿಂಡದ ಆಕಾರದ ಕಪ್ಪು ಮಚ್ಚೆ, ಹಿಂದಿನದು ತಿಳಿ, ಅಂಚಿಗೆ ಕಪ್ಪು ಪಟ್ಟಿ. ಹೆಲಿಕೊವರ್ಪಾ ಅದು. ಊರಂಚಿನ ಪಟಾಂಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆ ಬೆಳಕಿನ ಬಲೆ, ಮೋಹಕ ಬಲೆ ಇಟ್ಟು ಇದರ ಬೆನ್ನು ಹತ್ತಿದೆ. ತೊಗರಿ, ಕಡಲೆಯ ಕಾಯಿಕೊರಕ ಇದರ ಮರಿಯೇ ಎಂದಾಗ ಅತ್ತೆ ಸೆರಗು ಸರಿಮಾಡಿಕೊಂಡು ಹತ್ತಿರ ಬಂದರು.

"ಇದಾ? ಇಷ್ಟ ಸಣ್ಣದಾ?" ಅವರ ತವರು ಕಲಬುರಗಿ ಕಡೆಯ ತೊಗರಿ ಹೊಲ. "ಗಿಡ ಬಗ್ಗಿಸಿ ಅಲುಗಾಡಸ್ತಿದ್ವಿ, ಕೆಳಗ ತಾಡಪತ್ರಿ ಹಿಡದು. ಪಟಪಟ ಬೀಳ್ತಿದ್ವು ಹುಳಾ. ಕೋಳಿಗಿ ಹಾಕ್ತಿದ್ವಿ." ಅದೇ ಉಪಾಯವನ್ನು ಕೃಷಿ ವಿಜ್ಞಾನಿಗಳೂ ರೈತರಿಗೆ ಹೇಳಿಕೊಟ್ಟಿದ್ದಾರೆ ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತು, ಗೋಡೆಯ ಇನ್ನೊಂದು ಮೂಲೆ ತೋರಿಸಿ ಕೇಳಿದರು: "ಅದು ಏನ್ ತಿಂತದ?"