ಲಕೋಟೆಯಲ್ಲಿ ಬರುತ್ತಿದ್ದ ತೆನೆ

ಕೊಲ್ಲಿಯಲ್ಲಿ ಸಂಸಾರ ಹೂಡಿದ ಮಂಗಳೂರಿನ ಕ್ರೈಸ್ತರಿಗೆ ಊರಿನ ರಜೆಯೆಂದರೆ ಮಳೆಗಾಲ. ಯುಎಇಯ ಶಾಲೆಗಳು ಜುಲೈ ಹೊತ್ತಿಗೆ ಮುಚ್ಚಿ ಆಗಸ್ಟ್ ಕೊನೆಗೆ ತೆರೆಯುತ್ತವೆ. ನಾವು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ನೇಜಿ ನೆಟ್ಟು ಆಗಿರುತ್ತದೆ. ಹೊರಡುವಾಗ ಪೈರು ಮೊಣಕಾಲಿನವರೆಗೆ ಬಂದಿರುತ್ತದೆ. ತೆನೆ ಹೊರಡುವುದನ್ನು ನೋಡಲು ಉಳಿಯುವಂತಿಲ್ಲ. ಆಗಸ್ಟ್ 30ಕ್ಕೆ ಊರ ಚರ್ಚುಗಳಲ್ಲಿ ನೊವೆನಾ ಆರಂಭ, ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್. ಮರಿಯಮ್ಮನ ಹುಟ್ಟುಹಬ್ಬವೂ ಅದೇ, ಹೊಸ ತೆನೆಯ ಹಬ್ಬವೂ ಅದೇ. ವರ್ಷದ ಹಬ್ಬಗಳಲ್ಲೆಲ್ಲ ನಮ್ಮ ಮಣ್ಣಿಗೆ ಇಷ್ಟು ಹತ್ತಿರವಾದದ್ದು ಇನ್ನೊಂದಿಲ್ಲ. ಹಾಗಿದ್ದೂ ಕೊಲ್ಲಿಯಲ್ಲಿ ಬೆಳೆದ ನಮ್ಮ ಮಕ್ಕಳು ಅದನ್ನು ಊರಿನಲ್ಲಿ ಕಂಡದ್ದೇ ಇಲ್ಲ.

ಈ ವರ್ಷವೂ ಹಾಗೆಯೇ ಶಾರ್ಜಾದ ಫ್ಲ್ಯಾಟಿಗೆ ಮರಳಿದ್ದೇವೆ. ಕಿಟಕಿಯ ಸಂದಿಯಿಂದ ನುಗ್ಗಿದ ಮರಳನ್ನು ಒರೆಸಿ, ಎಸಿ ಹಾಕಿ, ಪೆಟ್ಟಿಗೆ ಬಿಚ್ಚಿದೆವು. ಕುಚ್ಚಲಕ್ಕಿ, ಬಾಫಾತ್ ಪುಡಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಬಿಂಬುಳಿ ಉಪ್ಪಿನಕಾಯಿ, ನಾಲ್ಕು ಸುತ್ತು ಕಾಗದದೊಳಗೆ ಒಣ ಸಿಗಡಿ. ಅಡಿಯಲ್ಲಿ ಅಮ್ಮ, ನಮ್ಮ ಮಾಂಯ್, ಕೂಡಿಟ್ಟಿದ್ದ ‘ರಾಕ್ಣೊ’ ವಾರಪತ್ರಿಕೆಯ ಸಂಚಿಕೆಗಳು. 1938ರಿಂದ ಕನ್ನಡ ಲಿಪಿಯಲ್ಲಿ ಕೊಂಕಣಿ ಓದಿಸಿಕೊಂಡು ಬಂದ ಪತ್ರಿಕೆ ಅದು. ನನ್ನ ಮಕ್ಕಳಿಗೆ ಕೊಂಕಣಿ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಅದೂ ಒಂದು ದುಃಖವೇ. ಆದರೆ ಈಗ ಮನಸ್ಸನ್ನು ಹಿಡಿದಿರುವುದು ಬೇರೆ. ಪ್ರತಿ ಸಲ ಪೆಟ್ಟಿಗೆ ಕಟ್ಟುವಾಗ ಮಾಂಯ್ ಹೇಳುತ್ತಿದ್ದ ಒಂದು ಮಾತನ್ನು ಈ ಸಲ ಹೇಳಲಿಲ್ಲ: “ಪುತಾ, ತೆನೆ ಆಮೇಲೆ ಕಳಿಸುತ್ತೇನೆ.”

ಹಬ್ಬದ ದಿನ ಏನಾಗುತ್ತಿತ್ತು ಎಂದು ಮಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ನೊವೆನಾದ ಒಂಬತ್ತು ದಿನವೂ ಮಕ್ಕಳು ಬುಟ್ಟಿಯಲ್ಲಿ ಹೂ ಒಯ್ಯಬೇಕು. ಮನೆಯಂಗಳದಲ್ಲಿ ಹೂ ಮುಗಿದರೆ ಬೇಲಿಯದು, ಬೇಲಿಯಲ್ಲೂ ಮುಗಿದರೆ ನೆರೆಮನೆಯದು. ಬಂಟರ ಮನೆಯ ಅಕ್ಕ ನಮಗೆಂದೇ ಗೋರಂಟೆ ಗಿಡ ಬೆಳೆಸಿದ್ದರು. ಬಾಲೆ ಮರಿಯಮ್ಮನ ಪ್ರತಿಮೆಗೆ ಆ ಹೂವೆಲ್ಲ ಎರಚುತ್ತ ಹಾಡುತ್ತಿದ್ದೆವು. 8ರಂದು ಬೆಳಿಗ್ಗೆ ಪಾದ್ರಿ ತೆನೆಗಳನ್ನು ಆಶೀರ್ವದಿಸಿದ ಮೇಲೆ ಮೆರವಣಿಗೆ. ಪೂಜೆ ಮುಗಿದಾಗ ಮಕ್ಕಳಿಗೆ ಕಬ್ಬು, ಪ್ರತಿ ಮನೆಗೂ ಒಂದಿಷ್ಟು ತೆನೆ. ಕಬ್ಬು ಜಗಿಯುತ್ತ ಗದ್ದೆಯ ಹುಣಿಯ ಮೇಲೆ ಮನೆಗೆ ಓಟ.

ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಗೋವೆಯಿಂದ ಬಂದ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಹಿರಿಯರು ಹೇಳುತ್ತಾರೆ. ಹೊಸ ಫಸಲಿಗೆ ಮೊದಲು ದೇವರ ಮುಂದೆ ಕೈಮುಗಿಯುವ ರೂಢಿ ಅದಕ್ಕಿಂತಲೂ ಹಳೆಯದು. ತುಳುನಾಡಿನಲ್ಲಿ ಹಲವು ಜಾತಿ ಮತದವರ ಮನೆಗಳಲ್ಲಿ ಅದು ಒಂದಿಲ್ಲೊಂದು ಬಗೆಯಲ್ಲಿತ್ತು.

ಮನೆಯಲ್ಲಿ ಆ ತೆನೆಯ ಜೊತೆ ನಮ್ಮ ಗದ್ದೆಯದನ್ನೂ ಅಲ್ತಾರಿನ ಮುಂದೆ ಇಟ್ಟು ಎಲ್ಲರೂ ಪ್ರಾರ್ಥಿಸಿದ ಮೇಲೆ ಹಿರಿಯರು ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಕೊಡುತ್ತಿದ್ದರು. ಅದೇ ನೊವೆಂ. ಅದಾದ ಮೇಲೆ ಬಾಳೆಲೆಯ ಊಟ. ಮೀನು ಮಾಂಸವಿಲ್ಲ. ಕೆಸುವಿನ ದಂಟು, ಅಂಬಡೆ, ಹರಿವೆ, ಬೆಂಡೆ, ಹೀರೆ, ಹಾಗಲ, ಪಲ್ಯಗಳ ಲೆಕ್ಕ ಬೆಸವೇ ಇರಬೇಕು. ನೊವೆಂ ಮಾತ್ರ ಮನೆಯ ಪ್ರತಿಯೊಬ್ಬರ ಬಾಯಿಗೂ ಬೀಳಬೇಕಿತ್ತು. ತೊಟ್ಟಿಲ ಕೂಸಿಗೆ ನಾಲಗೆಯ ತುದಿಗೆ, ಹಾಸಿಗೆ ಹಿಡಿದ ಅಜ್ಜನಿಗೆ ಚಮಚದಲ್ಲಿ.

ದೂರದಲ್ಲಿದ್ದವರ ಪಾಲನ್ನು ಬೇರೆಯಾಗಿ ಎತ್ತಿಡುತ್ತಿದ್ದರು. ಮೊದಲು ಅದು ಬೊಂಬಾಯಿಗೆ ಹೋಗುತ್ತಿತ್ತು, ಆಮೇಲೆ ಕುವೈತ್, ಬಹರೈನ್, ದುಬೈ. ಕಾಗದದ ಮಡಿಕೆಯಲ್ಲಿ ಕೆಲವು ಕಾಳು, ಜೊತೆಗೊಂದು ಪತ್ರ. ಚಿಕ್ಕಂದಿನಲ್ಲಿ ಬೊಂಬಾಯಿಯ ಚಿಕ್ಕಪ್ಪ, ನಮ್ಮ ಬಾಪ್ಪುಗೆ ಲಕೋಟೆ ಅಂಟಿಸಿ ಅಂಚೆಗೆ ಹಾಕಿದವನು ನಾನು. ಶಾರ್ಜಾಕ್ಕೆ ಬಂದ ಮೇಲೆ ನನ್ನ ಹೆಸರಿಗೂ ಲಕೋಟೆ ಬಂತು. ಮದುವೆಯಾದಾಗ ಮಡಿಕೆಯೊಳಗಿನ ಕಾಳು ಹೆಚ್ಚಿತು, ಮಗಳು ಹುಟ್ಟಿದಾಗ ಇನ್ನಷ್ಟು. ಹಬ್ಬ ಕಳೆದು ವಾರಗಳಾದ ಮೇಲೆ ಕೈಗೆ ಬಂದರೂ ಆ ರಾತ್ರಿಯೇ ತೇರ್ಸ್ ಎಂಬ ಜಪಮಾಲೆ ಪ್ರಾರ್ಥನೆ ಮುಗಿಸಿ, ಹಾಲಿನಲ್ಲಿ ಹಾಕಿ, ನಾವು ಕುಡಿಯುತ್ತಿದ್ದೆವು. ರುಚಿ ಎಂದು ಹೇಳುವಷ್ಟು ಏನೂ ಇರುತ್ತಿರಲಿಲ್ಲ. ಆದರೆ ಊರಿನ ಮನೆಯಲ್ಲಿ ನಮ್ಮನ್ನು ಇನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಸಿಕ್ಕಿಲ್ಲ. ರೇಷನ್ ಕಾರ್ಡಿನಿಂದ ನಮ್ಮ ಹೆಸರು ಎಂದೋ ಹೋಗಿತ್ತು. ಮಾಂಯ್‌ಯ ಲಕೋಟೆಯಲ್ಲಿ ಇತ್ತು.

ಈ ವರ್ಷ ಗದ್ದೆ ಬಿತ್ತಿಲ್ಲ. ಜುಲೈಯಲ್ಲಿ ಹೋದಾಗ ಮನೆಯ ಮುಂದಿನ ಬೈಲು ಗದ್ದೆಯಲ್ಲಿ ಹುಲ್ಲು ಎದ್ದಿತ್ತು, ನಡುವೆ ನವಿಲುಗಳು ತಿರುಗುತ್ತಿದ್ದವು. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಕೊಟ್ಟ ಗದ್ದೆ ಅದು. ಅಜ್ಜ, ನಮ್ಮ ಆಬ್, ಅದನ್ನು ಚಾಲಗೇಣಿಗೆ ಮಾಡುತ್ತಿದ್ದರು. 1974ರಲ್ಲಿ ಭೂಸುಧಾರಣೆ ಕಾನೂನು ಬಿಗಿಯಾದ ಮೇಲೆ ಡಿಕ್ಲರೇಶನ್ ಕೊಟ್ಟು ಸ್ವಂತಕ್ಕೆ ಪಡೆದರು. ತಮ್ಮ ಹೆಸರಿನ ಪಹಣಿ ಕೈಗೆ ಬಂದ ದಿನ ಅದನ್ನು ಅಲ್ತಾರಿನ ಮೇಲಿಟ್ಟು ಮೇಣದ ಬತ್ತಿ ಹಚ್ಚಿದರಂತೆ. ಆ ಗದ್ದೆಯ ಅಕ್ಕಿ ಮಾರಿ ಅಪ್ಪನನ್ನು ಓದಿಸಿದರು. ಅದನ್ನೇ ನಂಬಿ ಅಪ್ಪ ನನ್ನನ್ನು ಓದಿಸಿದರು. ನಾನು ವಿಮಾನ ಹತ್ತಿದೆ. ನಾನು ಕಳಿಸಿದ ಹಣದಿಂದ ಮನೆಗೆ ತಾರಸಿ ಬಂತು, ಬೋರ್‌ವೆಲ್ ಬಂತು, ಅಂಗಡಿಯಿಂದ ಅಕ್ಕಿ ಮೂಟೆ ಬಂತು. ಉಳುವ ಅಗತ್ಯವೇ ಉಳಿಯಲಿಲ್ಲ. ಕೂಲಿ ದುಬಾರಿ, ಆಳು ಸಿಗುವುದಿಲ್ಲ, ಹಂದಿ ನವಿಲುಗಳ ಕಾಟ ಎನ್ನುವುದೆಲ್ಲ ನಿಜ. ನಮ್ಮ ಸುತ್ತಿನ ಗದ್ದೆಗಳು ಅದಕ್ಕೇ ಅಡಿಕೆ ತೋಟಗಳಾದವು, ಸೈಟುಗಳಾದವು. ಆದರೂ ಎಲ್ಲಕ್ಕಿಂತ ದೊಡ್ಡ ಕಾರಣ ನಾವು ಮಕ್ಕಳು ಅಲ್ಲಿಲ್ಲದಿರುವುದು. ನಾವು ಊರಿಗೆ ಹಣ ಕಳಿಸಿದೆವು, ಗದ್ದೆಗೆ ಬೇಕಿದ್ದದ್ದು ಜನ. ಅಪ್ಪ ಹೋದ ಮೇಲೆ ಮಾಂಯ್ ಅದನ್ನು ಅಷ್ಟು ವರ್ಷ ಬಿತ್ತಿಸಿದ್ದು ಅಕ್ಕಿಗಾಗಿ ಅಲ್ಲ, ತೆನೆಗಾಗಿ ಎಂದು ನನಗೆ ಈಗ ಅನಿಸುತ್ತದೆ.

ಹಬ್ಬಕ್ಕೇನೂ ಕೊರತೆಯಾಗಿಲ್ಲ ಎನ್ನಬೇಕು. ಕೊಲ್ಲಿಯ ಚರ್ಚುಗಳಲ್ಲೂ ಮೊಂತಿ ಫೆಸ್ತ್ ನಡೆಯುತ್ತದೆ. ಊರಿನಿಂದ ವಿಮಾನದಲ್ಲಿ ತೆನೆ ತರಿಸುತ್ತಾರೆ. ದುಬೈಯ ಸೇಂಟ್ ಮೇರೀಸ್ ಚರ್ಚಿನಲ್ಲಿ ಕೊಂಕಣಿ ಪೂಜೆ ಇದೆ, ಮಕ್ಕಳು ಹೂ ಒಯ್ಯುತ್ತಾರೆ, ಊಟಕ್ಕೆ ಬಾಳೆಲೆಯೂ ಸಿಗುತ್ತದೆ. ಇದನ್ನೆಲ್ಲ ಶ್ರಮಪಟ್ಟು ನಡೆಸುವವರ ಬಗ್ಗೆ ನನಗೆ ಬಹಳ ಗೌರವ. ಕೆಲಸ ಮುಗಿಸಿ ರಾತ್ರಿ ಹನ್ನೆರಡರವರೆಗೆ ತರಕಾರಿ ಹೆಚ್ಚಿದವರನ್ನು ಕಂಡಿದ್ದೇನೆ. ಅವರಿಲ್ಲದಿದ್ದರೆ ನನ್ನ ಮಕ್ಕಳಿಗೆ ಹಬ್ಬದ ಹೆಸರೂ ಗೊತ್ತಿರುತ್ತಿರಲಿಲ್ಲ.

ಆದರೆ ಕೊಲ್ಲಿಯಲ್ಲಿ ನಾವು ವೀಸಾ ಇರುವಷ್ಟು ದಿನ ಇರುವವರು. ನಮ್ಮ ಓರಗೆಯವರಲ್ಲಿ ಅರ್ಧದಷ್ಟು ಜನ ಕೆನಡಾ, ನ್ಯೂಜಿಲೆಂಡ್ ಎಂದು ಹೊರಟಾಗಿದೆ. ಮಗಳೂ ಅಲ್ಲಿನ ಕಾಲೇಜುಗಳ ಮಾತಾಡುತ್ತಾಳೆ. ಇಲ್ಲಿ ಯಾರಿಗೂ ಬೇರಿಲ್ಲ. ಬೇರು ಇದ್ದದ್ದು ಅಲ್ಲಿನ ಆ ಬೈಲಿನಲ್ಲಿ. ಅದರ ಕಾಳು ವರ್ಷಕ್ಕೊಮ್ಮೆ ನಮ್ಮ ಹೊಟ್ಟೆ ಸೇರುತ್ತಿದ್ದುದರಿಂದಲೇ ನಾವು ಎಲ್ಲಿದ್ದರೂ ಆ ಮನೆಯವರಾಗಿದ್ದೆವು.

ನಿನ್ನೆ ರಾತ್ರಿ ಫೋನಿನಲ್ಲಿ ತೇರ್ಸ್ ಮುಗಿದ ಮೇಲೆ ಮಕ್ಕಳು ಎಂದಿನಂತೆ ಬೆಸಾಂವ್ ಕೇಳಿದರು, ಮಾಂಯ್ ಹರಸಿದಳು. ಇಲ್ಲಿನ ಚರ್ಚಿನಲ್ಲಿ ತೆನೆ ಸಿಗುತ್ತದೆ, ಚಿಂತಿಸಬೇಡ ಎಂದೆ. “ಸಿಗಲಿ ಪುತಾ, ಒಳ್ಳೆಯದಾಯಿತು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಯಾರ ಗದ್ದೆಯದು?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಬರುವ ವರ್ಷ ಒಂದು ಮುಡಿ ಗದ್ದೆಯನ್ನಾದರೂ ಬಿತ್ತಿಸೋಣ, ಖರ್ಚು ನಾನು ಕೊಡುತ್ತೇನೆ ಎಂದೆ. ಯಾರ ಕೈಯಲ್ಲಿ ಬಿತ್ತಿಸುವುದು ಎಂದು ಅವಳು ಕೇಳಿದ್ದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ.