ಒಂದು ನಿಶ್ಶಬ್ದ ಊರಿನಲ್ಲಿ ಎಂಟು ದಿನ

ಪ್ರಯಾಣ ಹೊರಡುವ ಹಿಂದಿನ ಸಂಜೆ ಹರಿಹರದಿಂದ ಒಬ್ಬ ವೃದ್ಧ ತಾಯಿ ಬಸ್ಸಿನಲ್ಲಿ ದಾವಣಗೆರೆಯ ನಮ್ಮ ಗುರುನಿವಾಸಕ್ಕೆ ಬಂದರು. ಅವರ ಚೀಲದಲ್ಲಿ ಎರಡು ಪೊಟ್ಟಣಗಳಿದ್ದವು. ಒಂದರಲ್ಲಿ ಶೇಂಗಾ ಚಟ್ನಿಪುಡಿ, ಇನ್ನೊಂದರಲ್ಲಿ ಖಡಕ್ ರೊಟ್ಟಿ. ಜರ್ಮನಿಯಲ್ಲಿ ಸೇವೆ ಸಲ್ಲಿಸುತ್ತಿರುವ ನನ್ನ ಗುರುಮಠದ ಸಹಪಾಠಿಯೊಬ್ಬರ ಗುರುದೀಕ್ಷೆಯ ಬೆಳ್ಳಿಹಬ್ಬಕ್ಕೆಂದು ನಾನು ಹೊರಟಿದ್ದೆ. ಅಲ್ಲಿಂದ ನೆದರ್ಲೆಂಡ್ಸ್ ದೇಶಕ್ಕೆ ಹೋಗಿ, ಈ ತಾಯಿಯ ಮಗನ ಮನೆಯಲ್ಲಿ ಎಂಟು ದಿನ ಇದ್ದು ಬರುವುದೆಂದು ನಿಶ್ಚಯವಾಗಿತ್ತು. ಪೊಟ್ಟಣಗಳನ್ನು ನನ್ನ ಕೈಗಿತ್ತು ಅವರು ಹೇಳಿದರು: “ಫಾದರ್, ಅವನು ಫೋನಿನಾಗೆ ಎಲ್ಲಾ ಚಲೋ ಐತಿ ಅಂತಾನೆ. ನೀವು ಕಣ್ಣಾರೆ ನೋಡ್ಕೊಂಡು ಬಂದು, ಇದ್ದದ್ದು ಇದ್ದಂಗೆ ಹೇಳ್ರಿ.”

ನಾನು ಕಿರಿಯ ಗುರುವಾಗಿದ್ದ ದಿನಗಳಿಂದಲೂ ಈ ಕುಟುಂಬ ನನಗೆ ಪರಿಚಿತ. ತಾಯಿ ದಾವಣಗೆರೆಯ ಹತ್ತಿ ಗಿರಣಿಯ ಕಾರ್ಮಿಕರೊಬ್ಬರ ಮಗಳು. ಮದುವೆಯಾಗಿ ಹರಿಹರ ಸೇರಿದವರು. ಪತಿ ಅಲ್ಲಿ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಆ ಕಾರ್ಖಾನೆ ಬಾಗಿಲು ಮುಚ್ಚಿದಾಗ ಮಗ ಇನ್ನೂ ಶಾಲೆಯಲ್ಲಿದ್ದ. ಅವನಿಗೆ ಪ್ರಥಮ ಪರಮಪ್ರಸಾದ ನೀಡಿದವನು ನಾನೇ. ತಾಯಿ ಬಟ್ಟೆ ಹೊಲಿದು ಅವನನ್ನು ಇಂಜಿನಿಯರಿಂಗ್ ಓದಿಸಿದರು. ಅವನು ಮೊದಲು ಬೆಂಗಳೂರಿಗೆ ಹೋದ, ಅನಂತರ ಕಡಲು ದಾಟಿದ. ಈಗ ತಂದೆಯೂ ಇಲ್ಲ. ಹರಿಹರದ ಆ ಮನೆಯಲ್ಲಿ ತಾಯಿಯೊಬ್ಬರೇ.

2023ರ ಏಪ್ರಿಲ್ 28ರಂದು ನಾನು ಆಮ್ಸ್ಟೆಲ್ವೇನ್ ಎಂಬ ಆ ಊರನ್ನು ತಲುಪಿದೆ. ಅದರ ಹಿಂದಿನ ದಿನವಷ್ಟೇ ಅಲ್ಲಿನ ರಾಜರ ಹುಟ್ಟುಹಬ್ಬ; ದೇಶವೆಲ್ಲ ಕಿತ್ತಳೆ ಬಣ್ಣ ತೊಟ್ಟು ಕುಣಿದಿತ್ತಂತೆ. ನಾನು ಟ್ರಾಮಿನಿಂದ ಇಳಿದಾಗ ಅದರ ಸುಳಿವೂ ಇರಲಿಲ್ಲ. ಆಮ್ಸ್ಟರ್‌ಡಾಮ್ ಮಹಾನಗರಕ್ಕೆ ಅಂಟಿಕೊಂಡಂತಿರುವ ಈ ಊರಿನ ಜನಸಂಖ್ಯೆ ತೊಂಬತ್ತು ಸಾವಿರವನ್ನು ಮೀರಿದೆ. 2011ರ ಜನಗಣತಿಯಲ್ಲಿ ನಮ್ಮ ಹರಿಹರ ಎಂಬತ್ತು ಸಾವಿರವನ್ನು ದಾಟಿತ್ತು. ದಾವಣಗೆರೆಗೆ ಹರಿಹರ ಹೇಗೋ, ಆಮ್ಸ್ಟರ್‌ಡಾಮಿಗೆ ಈ ಊರು ಸರಿಸುಮಾರು ಹಾಗೆ. ಆದರೆ ಹರಿಹರದ ಬಸ್ ನಿಲ್ದಾಣದಲ್ಲಿ ಇಳಿದವನ ಕಿವಿಗೆ ಒಮ್ಮೆಲೇ ನುಗ್ಗುವ ಹಾರ್ನು, ಹಣ್ಣು ಮಾರುವವರ ಕೂಗು, ಧ್ವನಿವರ್ಧಕದ ಹಾಡು ಇವಾವುವೂ ಇಲ್ಲಿಲ್ಲ. ಸೈಕಲ್ ಗಂಟೆಯ ಕಿಣಿಕಿಣಿ, ಕಾಲುವೆಯಲ್ಲಿ ಬಾತುಕೋಳಿಗಳ ಸದ್ದು, ಆಗಾಗ ತಲೆಯ ಮೇಲೆ ಹಾದುಹೋಗುವ ವಿಮಾನ, ಇಷ್ಟೇ. ಮನೆಗಳ ದೊಡ್ಡ ಕಿಟಕಿಗಳಿಗೆ ಪರದೆಯೇ ಇಲ್ಲ. ಒಳಗೆ ಮನುಷ್ಯರು ಓದುತ್ತಲೋ ಊಟ ಮಾಡುತ್ತಲೋ ಕುಳಿತಿರುವುದು ಬೀದಿಗೆ ಕಾಣಿಸುತ್ತದೆ. ಆದರೆ ಬಾಗಿಲು ಮುಚ್ಚಿರುತ್ತದೆ.

ಮೊದಲೆರಡು ದಿನ ಈ ಮೌನ ನನಗೆ ಹಿತವೆನಿಸಿತು. ಮೂರನೆಯ ದಿನ ಭಾರವೆನಿಸಿತು. ‘ಇಲ್ಲಿ ಒಬ್ಬ ಮನುಷ್ಯ ಸತ್ತರೂ ಪಕ್ಕದ ಮನೆಗೆ ತಿಳಿಯದು’ ಎಂದು ನಾನು ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟೆ. ಹರಿಹರದ ತಾಯಿಗೆ ಹೇಳಬೇಕಾದ ವಾಕ್ಯವೂ ಸಿದ್ಧವಾಯಿತು: ಊರು ಸುಂದರ, ಆದರೆ ಅಲ್ಲಿ ಮನುಷ್ಯರಿಲ್ಲ.

ಆ ತೀರ್ಪನ್ನು ಅಳಿಸಿದವರು ಪಕ್ಕದ ಮನೆಯ ಅಜ್ಜಿ. ಅವರಿಗೆ ಎಂಬತ್ತೆರಡು ವರ್ಷ. ನಿವೃತ್ತ ಶಾಲಾ ಶಿಕ್ಷಕಿ, ವಿಧವೆ, ಒಂಟಿ. ಮುಂಚಿತವಾಗಿ ದಿನ, ಗಂಟೆ ಗೊತ್ತುಮಾಡಿಕೊಂಡು ನಮ್ಮನ್ನು ಕಾಫಿಗೆ ಕರೆದರು. ಅವರು ಹುಟ್ಟಿದ್ದು ದೇಶದ ನೈರುತ್ಯ ಮೂಲೆಯ ಜೀಲ್ಯಾಂಡ್ ಪ್ರಾಂತ್ಯದಲ್ಲಿ. 1953ರ ಫೆಬ್ರವರಿ 1ರ ಮುಂಜಾವದಲ್ಲಿ ಸಮುದ್ರ ಅಲ್ಲಿನ ಕಟ್ಟೆಗಳನ್ನು ಒಡೆದು ಒಳನುಗ್ಗಿ, ಇಡೀ ದೇಶದಲ್ಲಿ 1,836 ಮಂದಿಯನ್ನು ಬಲಿ ತೆಗೆದುಕೊಂಡಿತು. ಆಗ ಅವರು ಹನ್ನೆರಡು ವರ್ಷದ ಬಾಲಕಿ. ಅಟ್ಟದ ಮೇಲೆ ಎರಡು ರಾತ್ರಿ ಕಳೆದವರು.

ಪ್ರಿಯ ಓದುಗರೇ, ಆ ದೇಶದ ನೆಲದ ಸುಮಾರು ಕಾಲುಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ನಾವು ಇಳಿಯುವ ಸ್ಕಿಪೋಲ್ ವಿಮಾನ ನಿಲ್ದಾಣ ನಿಂತಿರುವುದು ಒಂದು ಕಾಲದ ಸರೋವರದ ತಳದಲ್ಲಿ. ಉಗಿ ಯಂತ್ರಗಳಿಂದ ವರ್ಷಗಟ್ಟಲೆ ನೀರೆತ್ತಿ, 1852ರಲ್ಲಿ ಆ ಸರೋವರವನ್ನು ಒಣಗಿಸಿದರು. ಆಮ್ಸ್ಟೆಲ್ವೇನ್ ಮಗ್ಗುಲಲ್ಲಿರುವ ವಿಶಾಲ ಅರಣ್ಯವೂ ಸ್ವಾಭಾವಿಕವಲ್ಲ. 1934ರಿಂದ, ಕೆಲಸವಿಲ್ಲದೆ ಕಂಗಾಲಾಗಿದ್ದ ಸಾವಿರಾರು ಕಾರ್ಮಿಕರಿಗೆ ಕೂಲಿ ಕೊಟ್ಟು ನೆಡಿಸಿದ ಕಾಡು ಅದು. ಇಂದಿಗೂ ಹಗಲಿರುಳೆನ್ನದೆ ಎಲ್ಲೋ ಒಂದು ಕಡೆ ಪಂಪು ನೀರನ್ನು ಎತ್ತಿ ಹೊರಹಾಕುತ್ತಿರಬೇಕು. ಇದನ್ನು ನೋಡಿಕೊಳ್ಳಲು ನೀರಿನ ಮಂಡಳಿಗಳಿವೆ. ಅವುಗಳ ಮೂಲ ಮಧ್ಯಯುಗದ್ದು. ಜನರು ನಾಲ್ಕು ವರ್ಷಕ್ಕೊಮ್ಮೆ ಮತ ಹಾಕಿ ಸದಸ್ಯರನ್ನು ಆರಿಸುತ್ತಾರೆ. ಅದಕ್ಕೆಂದೇ ಬೇರೆ ತೆರಿಗೆ ಕಟ್ಟುತ್ತಾರೆ. ನಮ್ಮ ಕೆರೆಗಳ ತೂಬು ಕಾಯುತ್ತಿದ್ದ ನೀರಗಂಟಿಯ ವಿಷಯವನ್ನು ನಾನು ಹೇಳಿದಾಗ ಅಜ್ಜಿ ಬಹಳ ಆಸಕ್ತಿಯಿಂದ ಕೇಳಿದರು. “ನಾವು ಎಲ್ಲದಕ್ಕೂ ಜಗಳವಾಡುತ್ತೇವೆ. ಆದರೆ ನನ್ನ ಹೊಲದ ನೀರು ನಿನ್ನ ಮನೆಗೆ ನುಗ್ಗದಂತೆ ನೋಡಿಕೊಳ್ಳುವ ವಿಷಯದಲ್ಲಿ ಮಾತ್ರ ಜಗಳ ನಿಲ್ಲಿಸಲೇಬೇಕು” ಎಂದರು.

ನನಗೆ ಭದ್ರಾ ನಾಲೆಯ ಕೊನೆಯ ಭಾಗದ ರೈತರು ನೆನಪಾದರು. ಮೇಲಿನವರು ಬಿಟ್ಟರಷ್ಟೇ ಅವರ ಗದ್ದೆಗೆ ನೀರು. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿದಾಗ ಹರಿಹರದ ತಗ್ಗು ಪ್ರದೇಶದ ಮನೆಗಳಿಂದ ಗಂಜಿ ಕೇಂದ್ರಕ್ಕೆ ನಡೆದವರೂ ನೆನಪಾದರು. ನೀರು ಇಳಿಯಿತು, ನಾವೂ ಮರೆತೆವು. ಅಲ್ಲಿನ ಜನ ಮರೆಯುವಂತಿಲ್ಲ. ಅವರ ಮೌನದ ಅಡಿಯಲ್ಲಿ ಒಂದು ಪಂಪು ಸದಾ ಓಡುತ್ತಿರುತ್ತದೆ.

ಕಾಫಿಯಾದ ಮೇಲೆ ಕೈತೊಳೆಯಲೆಂದು ಶೌಚಾಲಯಕ್ಕೆ ಹೋದೆ. ಅಲ್ಲಿನ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕಿತ್ತು. ವಾರಗಳಿಲ್ಲ, ವರ್ಷವಿಲ್ಲ, ಬರೀ ತಿಂಗಳು, ತಾರೀಖು, ಅದರ ಮುಂದೆ ಹೆಸರುಗಳು. ಡಚ್ ಮನೆಗಳಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರನ್ನು ಅಲ್ಲೇ ತೂಗುಹಾಕುವುದು ರೂಢಿಯಂತೆ. ದಿನಕ್ಕೆ ಒಮ್ಮೆಯಾದರೂ ಕಣ್ಣಿಗೆ ಬೀಳಲೇಬೇಕಾದ ಜಾಗವಲ್ಲವೇ! ನಾನು ಕುತೂಹಲದಿಂದ ಹಾಳೆ ಮಗುಚಿದೆ. ಜೂನ್ 1ರ ಮುಂದೆ ಡೊಂಕು ಡೊಂಕಾದ ಕನ್ನಡ ಅಕ್ಷರಗಳಲ್ಲಿ ‘ಅಜ್ಜಿ, ಹರಿಹರ’ ಎಂದು ಬರೆದಿತ್ತು.

ಬರೆದವಳು ನಮ್ಮ ಹುಡುಗನ ಏಳು ವರ್ಷದ ಮಗಳು. ಬುಧವಾರ ಶಾಲೆ ಬೇಗ ಬಿಡುವುದರಿಂದ ಆ ಮಧ್ಯಾಹ್ನ ಅವಳು ಪಕ್ಕದ ಮನೆಯಲ್ಲಿರುತ್ತಾಳೆ. ಗಿಡಗಳಿಗೆ ನೀರುಣಿಸುತ್ತಾಳೆ, ಓದು ಕಲಿಯುತ್ತಾಳೆ. ‘ನಿನ್ನ ಸ್ವಂತ ಅಜ್ಜಿ ಯಾವಾಗ ಹುಟ್ಟಿದ್ದು?’ ಎಂದು ಕೇಳಿ, ಅವಳ ಕೈಯಿಂದಲೇ ಬರೆಸಿದ್ದರು ಆ ವೃದ್ಧೆ. ಪ್ರತಿ ವರ್ಷ ಮೇ ತಿಂಗಳಲ್ಲೇ ಅವರು ಹರಿಹರಕ್ಕೆ ಒಂದು ಕಾರ್ಡು ಅಂಚೆಗೆ ಹಾಕುತ್ತಾರೆ. ನನಗೆ ಥಟ್ಟನೆ ಹೊಳೆಯಿತು: ಹರಿಹರದ ಮನೆಯಲ್ಲಿ ಆರೋಗ್ಯಮಾತೆಯ ಪ್ರತಿಮೆಯ ಬಳಿ ಗಾಳಿಯಂತ್ರದ ಚಿತ್ರವಿರುವ ಎರಡು ಕಾರ್ಡುಗಳನ್ನು ನಾನು ಕಂಡಿದ್ದೆ. ಕೇಳಿದಾಗ ತಾಯಿ, “ಮಗ ಕಳಿಸಿರಬೇಕು, ಓದಾಕ ಬರಲ್ಲ” ಎಂದಿದ್ದರು.

ಏಪ್ರಿಲ್ 30, ಭಾನುವಾರದ ಬಲಿಪೂಜೆಯಲ್ಲಿ ಮುಂದಿನ ಸಾಲುಗಳಲ್ಲಿ ನರೆತ ತಲೆಗಳು. ಹಿಂದಿನ ಸಾಲುಗಳಲ್ಲಿ ಭಾರತ, ಫಿಲಿಪ್ಪೀನ್ಸ್, ಪೋಲೆಂಡ್‌ಗಳಿಂದ ಬಂದ ಯುವ ಕುಟುಂಬಗಳು. ಒಂದು ಕಾಲದಲ್ಲಿ ಜಗತ್ತಿನ ಮೂಲೆಮೂಲೆಗೆ ಮಿಷನರಿಗಳನ್ನು ಕಳುಹಿಸಿದ ನಾಡಿನಲ್ಲಿ ದೇವಾಲಯಗಳು ಬರಿದಾಗುತ್ತಿರುವುದು ನೋವಿನ ನೋಟ. ಆದರೆ ಪೂಜೆಯಾದ ಮೇಲೆ ಯಾರೂ ಓಡಿಹೋಗಲಿಲ್ಲ. ಹಿಂಬದಿಯ ಕೋಣೆಯಲ್ಲಿ ಕಾಫಿ ಸಿದ್ಧವಿತ್ತು. ಅಂದು ಬಾರದಿದ್ದ ಇಬ್ಬರ ಹೆಸರು ಹೇಳಿ, ಅವರ ಮನೆಗೆ ಹೋಗುವವರು ಯಾರೆಂದು ಅಲ್ಲೇ ನಿಶ್ಚಯಿಸಿದರು.

ಮೇ 4ರಂದು ನಾನು ಮತ್ತೊಂದು ಬಗೆಯ ಮೌನವನ್ನು ಕಂಡೆ. ಎರಡನೆಯ ಮಹಾಯುದ್ಧದಲ್ಲಿ ಮಡಿದವರ ನೆನಪಿಗಾಗಿ ಆ ದಿನ ರಾತ್ರಿ ಎಂಟು ಗಂಟೆಗೆ ಇಡೀ ದೇಶ ಎರಡು ನಿಮಿಷ ನಿಲ್ಲುತ್ತದೆ. ಅಲ್ಲಿ ಆಗಿನ್ನೂ ಹಗಲ ಬೆಳಕು. ಸೈಕಲ್ ಸವಾರರು ಇಳಿದು ನಿಂತರು, ಮಕ್ಕಳೂ ಸುಮ್ಮನಾದರು. ನಾಜಿಗಳ ಆಳ್ವಿಕೆಯಲ್ಲಿ ಆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಯೆಹೂದ್ಯರು ಕೊಲ್ಲಲ್ಪಟ್ಟರು. ಅದನ್ನು ವಿರೋಧಿಸಿ 1942ರಲ್ಲಿ ಡಖಾವ್ ಶಿಬಿರದಲ್ಲಿ ಪ್ರಾಣತೆತ್ತ ಕಾರ್ಮೆಲ್ ಸಭೆಯ ಗುರು, ಪತ್ರಕರ್ತ ಟೈಟಸ್ ಬ್ರಾಂಡ್ಸ್ಮಾ ಅವರನ್ನು ಪೋಪ್ ಫ್ರಾನ್ಸಿಸ್ 2022ರಲ್ಲಿ ಸಂತರೆಂದು ಘೋಷಿಸಿದ್ದನ್ನು ಓದುಗರು ಬಲ್ಲರು. ನನ್ನ ಪಕ್ಕದಲ್ಲಿ ನಿಂತಿದ್ದ ಆ ಅಜ್ಜಿ ತುಟಿಯಲುಗಿಸದೆ ಅಳುತ್ತಿದ್ದರು. ನಮ್ಮ ಹುಡುಗನ ಮಗಳು ಅವರ ಕೈ ಹಿಡಿದುಕೊಂಡಿದ್ದಳು.

ಅದರ ಮರುದಿನ ಕೆರೆಯ ದಂಡೆಯ ಬೆಂಚಿನ ಮೇಲೆ ಕುಳಿತಿದ್ದಾಗ ಮಗ ಬಾಯಿಬಿಟ್ಟ. ಅವನು ಅಲ್ಲೇ ಮನೆ ಕೊಂಡಿದ್ದಾನೆ. ಆ ಸಾಲ ತೀರಲು ಇನ್ನೂ ಇಪ್ಪತ್ತೆಂಟು ವರ್ಷ ಬೇಕು. ತಾಯಿಗೆ ಇದನ್ನು ತಿಳಿಸಿಲ್ಲ. “ಬರ್ತಾನೆ ಅಂತ ಹೇಳಿ ಫಾದರ್. ಯಾವಾಗ ಅಂತ ಮಾತ್ರ ಹೇಳ್ಬೇಡಿ” ಎಂದ. ನಾನು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಮುಂದುವರಿಸಿದ. ಹರಿಹರ ಎಂದರೇನೆಂದು ಮಗಳು ಕೇಳಿದ್ದಳಂತೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯನ್ನೂ, ಅಲ್ಲಿ ಒಂದೇ ಮೂರ್ತಿಯಲ್ಲಿ ಅರ್ಧ ಹರಿ ಅರ್ಧ ಹರ ಇರುವುದನ್ನೂ ಇವನು ವಿವರಿಸಿದ. ಮಗು ಯೋಚಿಸಿ, “ಹಾಗಾದರೆ ನಾವೂ ಹಾಗೇ ಅಲ್ವಾ ಅಪ್ಪಾ?” ಎಂದಿತಂತೆ. ಇದನ್ನು ಹೇಳುವಾಗ ಅವನ ದನಿ ಸರಿಯಿರಲಿಲ್ಲ.

ಊರಿಗೆ ಮರಳಿದ ವಾರದಲ್ಲೇ ಹರಿಹರಕ್ಕೆ ಹೋದೆ. ತಾಯಿಯೊಡನೆ ಮಾತಾಡುತ್ತಾ ಹೊಳೆಯ ಕಡೆಗೆ ನಡೆದೆವು. ಬೇಸಿಗೆಯ ತುಂಗಭದ್ರೆ ಬಂಡೆ, ಮರಳುಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ದಾರಿಯುದ್ದಕ್ಕೂ ನನ್ನೊಳಗೆ ಎರಡು ಉತ್ತರಗಳು ಹೊಯ್ದಾಡಿದವು. ಕೊನೆಗೆ ಇದ್ದದ್ದನ್ನು ಇದ್ದಂತೆ ಹೇಳಿದೆ: ಅವನು ಮನೆ ಕೊಂಡಿದ್ದಾನೆ, ಸದ್ಯಕ್ಕೆ ಮರಳುವುದಿಲ್ಲ.

ಅವರು ಸ್ವಲ್ಪ ಹೊತ್ತು ನೀರನ್ನೇ ನೋಡಿದರು. “ಗೊತ್ತಿತ್ತು ಬಿಡ್ರಿ ಫಾದರ್. ಅವನ ಬಾಯಿಂದ ಬರಲಿ ಅಂತ ಕಾಯ್ತಿದ್ದೆ” ಎಂದರು. ಆಮೇಲೆ ಆಚೆ ದಡವನ್ನು ತೋರಿಸಿ, “ನಮ್ಮತ್ತೆ ಹೊಳಿ ಆಚಿಂದ ಬಂದೋರು. ಪರರಾಜ್ಯಕ್ಕೆ ಕೊಟ್ಟುಬಿಟ್ರು ಅಂತ ಅಳ್ತಿದ್ರಂತೆ” ಎಂದು ನಕ್ಕರು. ಅದು ನಿಜವೇ. 1956ರಲ್ಲಿ ರಾಜ್ಯ ಒಂದಾಗುವ ತನಕ ಈ ದಡ ಮೈಸೂರು, ಆ ದಡ ಮುಂಬಯಿ ಪ್ರಾಂತ್ಯವಾಗಿತ್ತು. ನಡುವೆ 1868ರಲ್ಲಿ ಕಟ್ಟಿದ ಸೇತುವೆಯಿತ್ತು.

ಅನಂತರ ಅವರು ಕೇಳಿದರು: “ರಾತ್ರಿ ಕೂಗಿದ್ರೆ ಬರೋರು ಅಲ್ಲಿ ಯಾರಾದ್ರೂ ಅದಾರೇನ್ರಿ?” ನಾನು ಪಕ್ಕದ ಮನೆಯ ಅಜ್ಜಿಯ ವಿಷಯ ಹೇಳಿದೆ, ಕಾರ್ಡುಗಳ ಗುಟ್ಟನ್ನೂ ಬಿಚ್ಚಿದೆ. ಅವರ ಕಣ್ಣು ತುಂಬಿತು, ಜೊತೆಗೇ ನಗುವೂ ಬಂತು. “ಅಯ್ಯೋ, ಜೂನ್ ಒಂದು ನನ್ನ ಹುಟ್ಟಿದ ದಿನ ಅಲ್ಲ ಫಾದರ್! ಸಾಲಿಗೆ ಸೇರಿಸುವಾಗ ಮೇಷ್ಟ್ರು ಬರ್ಕೊಂಡಿದ್ದು. ಖರೇ ದಿನ ನನಗೂ ಗೊತ್ತಿಲ್ಲ.”

“ನಿಮ್ಮನ್ನು ರಾತ್ರಿ ವಿಚಾರಿಸುವವರು ಯಾರಿದ್ದಾರೆ?” ಎಂದು ನಾನು ಕೇಳಿದೆ. ಆ ಪ್ರಶ್ನೆಯನ್ನು ಅದೇ ಮೊದಲ ಬಾರಿಗೆ ಕೇಳಿದ್ದು. ಅವರು ಸಹಜವಾಗಿಯೇ ಉತ್ತರಿಸಿದರು: “ಇಲ್ಲಿ ಸದ್ದಿಗೇನು ಕಡಿಮಿ ಇಲ್ರಿ. ಬಾಗಿಲು ಬಡಿಯೋರು ಇಲ್ಲ ಅಷ್ಟೇ.”

ಸೆಪ್ಟೆಂಬರ್ 8ರ ಆರೋಗ್ಯಮಾತೆಯ ಹಬ್ಬಕ್ಕೆ ಇದೇ ಊರಿಗೆ ಜಾತಿಮತವೆನ್ನದೆ ಅಪಾರ ಜನಸಾಗರ ಹರಿದುಬರುತ್ತದೆ. ಆ ಜನಸಂದಣಿಯ ನಡುವೆಯೇ ಆ ತಾಯಿಯ ಮನೆಯಿದೆ. ನಾನು ಆಮ್ಸ್ಟೆಲ್ವೇನಿನ ಮೇಲೆ ಬರೆದಿದ್ದ ತೀರ್ಪು ಯಾರ ಮೇಲೆ ಬೀಳಬೇಕಾಗಿತ್ತೆಂದು ಆಗ ತಿಳಿಯಿತು.

ದಾವಣಗೆರೆಗೆ ಬಂದ ರಾತ್ರಿಯೇ ಕಪಾಟು ತೆರೆದು ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕಗಳನ್ನು ಹೊರತೆಗೆದೆ. ಗಿರಣಿ ಕಾರ್ಮಿಕರಾಗಿದ್ದ ಅವರ ತಂದೆಯ ಹೆಸರು ಹಿಡಿದು ಹುಡುಕಿದಾಗ ಒಂದು ಗಂಟೆಯೊಳಗೆ ಸಿಕ್ಕಿತು. ಹಿಂದಿನ ಗುರುವೊಬ್ಬರು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು: ಅವರು ಹುಟ್ಟಿದ್ದು ನವೆಂಬರ್ 19ರಂದು. ಇಡೀ ಧರ್ಮಕೇಂದ್ರದವರ ಹುಟ್ಟಿದ ದಿನಗಳು ಇಷ್ಟು ವರ್ಷ ನನ್ನ ಕಪಾಟಿನಲ್ಲೇ ಇದ್ದವು. ಮದುವೆಗೋ ಪಾಸ್‌ಪೋರ್ಟಿಗೋ ಪ್ರಮಾಣಪತ್ರ ಬರೆದುಕೊಡುವಾಗ ಮಾತ್ರ ನಾನು ಆ ಪುಟಗಳನ್ನು ತೆರೆಯುತ್ತಿದ್ದೆ.

ಈಗ ಗುರುನಿವಾಸದ ಊಟದ ಕೋಣೆಯ ಗೋಡೆಯ ಮೇಲೆ ವರ್ಷವಿಲ್ಲದ ಒಂದು ಕ್ಯಾಲೆಂಡರ್ ಇದೆ. ಮಕ್ಕಳು ದೂರವಿರುವ, ಒಂಟಿಯಾಗಿರುವ ಹಿರಿಯರ ಹೆಸರುಗಳನ್ನು ಅದರಲ್ಲಿ ಬರೆಯುತ್ತಿದ್ದೇನೆ. ಮೊದಲು ಬರೆದದ್ದು ನವೆಂಬರ್ 19ರ ಮುಂದೆ. ಆ ವರ್ಷದ ನವೆಂಬರ್‌ನಲ್ಲಿ ಅಂದು ಬೆಳಿಗ್ಗೆ ಹರಿಹರದ ಬಸ್ಸು ಹತ್ತಿ ಹೋಗಿ ಆ ಬಾಗಿಲನ್ನು ಬಡಿದೆ.

ಒಳಗಿನಿಂದ ಬಂದ ಮೊದಲ ಮಾತು, “ಯಾಕ್ರೀ ಫಾದರ್, ಏನಾತು?” ಬಾಗಿಲು ಬಡಿದರೆ ಕೆಟ್ಟ ಸುದ್ದಿಯೇ ಇರಬೇಕೆಂದು ಅವರು ಗಾಬರಿಗೊಂಡಿದ್ದರು.