ವಿಂಬಲ್ಡನ್‌ನ ಇನ್ನೊಂದು ಅಂಗಳ

ಲಂಡನ್ನಿನ ಭೂಗತ ರೈಲಿನ ನಕಾಶೆಯಲ್ಲಿ ಹಸಿರು ಗೆರೆಯಾಗಿ ಕಾಣುವ ಡಿಸ್ಟ್ರಿಕ್ಟ್ ಮಾರ್ಗದ ಒಂದು ಕವಲು ವಿಂಬಲ್ಡನ್‌ನಲ್ಲಿ ಕೊನೆಗೊಳ್ಳುತ್ತದೆ. ಜೂನ್ ಕೊನೆ, ಜುಲೈ ಮೊದಲ ವಾರಗಳಲ್ಲಿ ಈ ಊರಿಗೆ ಬರುವ ಪ್ರವಾಸಿಗಳೆಲ್ಲ ಹೋಗುವುದು ಚರ್ಚ್ ರಸ್ತೆಯ ಟೆನಿಸ್ ಅಂಗಳಗಳ ಕಡೆಗೆ. ವಿಂಬಲ್ಡನ್ ಎಂದರೆ ಹಸಿರು ಹುಲ್ಲು, ಬಿಳಿ ಉಡುಪು, ಕೆನೆಯೊಡನೆ ಸ್ಟ್ರಾಬೆರಿ ಎಂದು ಜಗತ್ತು ತಿಳಿದಿದೆ. ಆದರೆ ವರ್ಷದ ಉಳಿದ ತಿಂಗಳುಗಳಲ್ಲಿ, ಅದರಲ್ಲೂ ಚಳಿಗಾಲದ ಶನಿವಾರಗಳಲ್ಲಿ, ಕುತ್ತಿಗೆಗೆ ನೀಲಿ-ಹಳದಿ ಮಫ್ಲರ್ ಸುತ್ತಿಕೊಂಡ ಇನ್ನೊಂದು ಗುಂಪು ಬೇರೆ ದಾರಿ ಹಿಡಿದು ಹೋಗುತ್ತದೆ. ತಂದೆ, ಮಗಳು, ಅಜ್ಜ, ಮೊಮ್ಮಗ ಎಲ್ಲರೂ ಅದರಲ್ಲಿರುತ್ತಾರೆ. ಅವರು ಹೋಗುವುದು ವ್ಯಾಂಡಲ್ ಎಂಬ ಪುಟ್ಟ ನದಿಯ ಸಮೀಪದ ಪ್ಲೌ ಲೇನ್‌ಗೆ. ಕನ್ನಡದಲ್ಲಿ ಹೇಳುವುದಾದರೆ ನೇಗಿಲ ಓಣಿ. ಅಲ್ಲಿರುವುದು ಫುಟ್‌ಬಾಲ್ ಮೈದಾನ.

ಮೈದಾನವೇನೂ ದೊಡ್ಡದಲ್ಲ. ಸುಮಾರು ಒಂಬತ್ತು ಸಾವಿರ ಜನ ಹಿಡಿಸುತ್ತದೆ. ಲಂಡನ್ನಿನ ಹೆಸರಾಂತ ಕ್ರೀಡಾಂಗಣಗಳನ್ನು ನೋಡಿ ಬಂದವರಿಗೆ ಇದು ಸಪ್ಪೆಯೆನಿಸಬಹುದು. ಆದರೆ ಇದರ ಕಥೆ ಬಲ್ಲವರಿಗೆ ಹಾಗೆನಿಸಲಾರದು. ಒಂದು ಊರಿನ ತಂಡವನ್ನು ಮಾಲೀಕರು ತೊಂಬತ್ತು ಕಿಲೋಮೀಟರ್ ಆಚೆಗೆ ಸಾಗಿಸಿದರು. ಊರಿನವರು ಸೊನ್ನೆಯಿಂದ ಇನ್ನೊಂದು ತಂಡ ಕಟ್ಟಿ ಹದಿನೆಂಟು ವರ್ಷಗಳ ಮೇಲೆ ಅದೇ ಓಣಿಗೆ ಮರಳಿದರು.

ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬು ಹುಟ್ಟಿದ್ದು 1889ರಲ್ಲಿ, ಒಂದು ಶಾಲೆಯ ಹಳೆಯ ವಿದ್ಯಾರ್ಥಿಗಳಿಂದ. ಆಗ ಆಟ ನಡೆಯುತ್ತಿದ್ದುದು ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನಲ್ಲಿ. ಪ್ಲೌ ಲೇನ್ ಮೈದಾನ ಸಿಕ್ಕಿದ್ದು 1912ರಲ್ಲಿ. ದಶಕಗಳ ಕಾಲ ಅದು ಹವ್ಯಾಸಿಗಳ ತಂಡ. 1963ರಲ್ಲಿ ಹವ್ಯಾಸಿಗಳ ಕಪ್ ಗೆದ್ದಾಗ ಫೈನಲ್‌ನಲ್ಲಿ ಎಡ್ಡಿ ರೆನಾಲ್ಡ್ಸ್ ನಾಲ್ಕು ಗೋಲು ಹೊಡೆದರು, ನಾಲ್ಕೂ ತಲೆಯಿಂದ! 1977ರಲ್ಲಿ ರಾಷ್ಟ್ರೀಯ ಲೀಗ್‌ಗೆ ಸೇರಿದ ತಂಡ ಒಂಬತ್ತೇ ವರ್ಷಗಳಲ್ಲಿ ಮೇಲಿನ ದರ್ಜೆಗೆ ಏರಿತು. 1988ರ ಮೇ 14ರಂದು ವೆಂಬ್ಲಿಯಲ್ಲಿ ಆಗಿನ ಲೀಗ್ ಚಾಂಪಿಯನ್ ಲಿವರ್‌ಪೂಲ್ ತಂಡವನ್ನು 1-0ಯಿಂದ ಸೋಲಿಸಿ ಎಫ್.ಎ. ಕಪ್ ಎತ್ತಿತು. ಗೋಲು ಲಾರಿ ಸ್ಯಾಂಚೆಜ್ ಅವರದು. ಜಾನ್ ಆಲ್ಡ್ರಿಜ್ ಅವರ ಪೆನಾಲ್ಟಿ ತಡೆದದ್ದು ನಾಯಕನೂ ಆಗಿದ್ದ ಗೋಲ್‌ಕೀಪರ್ ಡೇವ್ ಬೀಸಂಟ್. ಒರಟು ಆಟಕ್ಕೆ, ಪುಂಡಾಟಕ್ಕೆ ಹೆಸರಾದ ತಂಡವದು. ನಯನಾಜೂಕಿನ ಆಟ ಬಯಸುವವರಿಗೆ ಹಿಡಿಸುತ್ತಿರಲಿಲ್ಲ. ಊರಿನವರಿಗೆ ಮಾತ್ರ ಅದು ಮನೆಮಗ.

ತೊಂದರೆ ಶುರುವಾದದ್ದು ಮೈದಾನದಿಂದ. 1989ರ ಹಿಲ್ಸ್‌ಬರೋ ದುರಂತದ ನಂತರ ದೊಡ್ಡ ತಂಡಗಳ ಮೈದಾನಗಳಲ್ಲಿ ಪ್ರತಿ ಪ್ರೇಕ್ಷಕನಿಗೂ ಆಸನವಿರಬೇಕೆಂಬ ನಿಯಮ ಬಂತು. ಹಳೆಯ ಪ್ಲೌ ಲೇನ್‌ನಲ್ಲಿ ಅದು ಸಾಧ್ಯವಿಲ್ಲವೆಂದು ಆಡಳಿತ ಕೈಚೆಲ್ಲಿತು. 1991ರಲ್ಲಿ ತಂಡ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನ ಸೆಲ್ಹರ್ಸ್ಟ್ ಪಾರ್ಕ್‌ನಲ್ಲಿ ಬಾಡಿಗೆಗೆ ಇಳಿಯಿತು. ತಾತ್ಕಾಲಿಕ ಎಂದದ್ದು ಹತ್ತು ವರ್ಷ ದಾಟಿತು. ಹಳೆಯ ಮೈದಾನ ಮಾರಾಟವಾಯಿತು. ಬಾಡಿಗೆ ಮನೆಯಲ್ಲಿ ನಷ್ಟ ಬೆಳೆಯಿತು. ನಡುವೆ ತಂಡವನ್ನು ಐರ್ಲೆಂಡಿನ ಡಬ್ಲಿನ್‌ಗೇ ಒಯ್ಯುವ ಮಾತೂ ಎದ್ದಿತ್ತು. 2000ದಲ್ಲಿ ತಂಡ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷ ಮಾಲೀಕರು ಹೊಸ ಊರಿನ ಹೆಸರು ಹೇಳಿದರು: ಮಿಲ್ಟನ್ ಕೀನ್ಸ್.

ಅಮೆರಿಕದಲ್ಲಿ ಇಂಥದು ಹೊಸದಲ್ಲ. ಬ್ರೂಕ್ಲಿನ್ನಿನ ಡಾಡ್ಜರ್ಸ್ ಬೇಸ್‌ಬಾಲ್ ತಂಡ 1957ರ ಋತು ಮುಗಿದ ಮೇಲೆ ಲಾಸ್ ಏಂಜಲೀಸ್ ಸೇರಿತು. 1984ರ ಮಾರ್ಚ್‌ನಲ್ಲಿ ಬಾಲ್ಟಿಮೋರಿನ ಕೋಲ್ಟ್ಸ್ ತಂಡದ ಸಾಮಾನುಗಳನ್ನು ರಾತ್ರೋರಾತ್ರಿ ಲಾರಿಗಳಲ್ಲಿ ತುಂಬಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿದರು. ಅಲ್ಲಿ ತಂಡವೆಂದರೆ ಮಾಲೀಕನ ಸ್ವತ್ತು. ಇಂಗ್ಲೆಂಡಿನಲ್ಲಿ ಕ್ಲಬ್ಬೆಂದರೆ ಊರ ಜಾತ್ರೆಯ ತೇರಿದ್ದ ಹಾಗೆ; ಅದನ್ನು ಬೇರೊಂದು ಜಿಲ್ಲೆಯಲ್ಲಿ ಎಳೆಯುತ್ತೇವೆಂದರೆ ಯಾರು ಒಪ್ಪುತ್ತಾರೆ? ಫುಟ್‌ಬಾಲ್ ಲೀಗ್ ಮೊದಲು ಅನುಮತಿ ನಿರಾಕರಿಸಿತು. ವ್ಯಾಜ್ಯ ಮುಂದುವರಿದು ಮೂವರ ಆಯೋಗದ ಮುಂದೆ ಬಂತು. 2002ರ ಮೇ 28ರಂದು ಇಬ್ಬರು ಹೌದೆಂದರು, ಒಬ್ಬರು ಬೇಡವೆಂದರು. ಅಭಿಮಾನಿಗಳು ಬೇರೆ ಕ್ಲಬ್ಬು ಕಟ್ಟುವುದು ಫುಟ್‌ಬಾಲಿನ ಒಟ್ಟು ಹಿತಕ್ಕೆ ಒಳ್ಳೆಯದಲ್ಲ ಎಂಬರ್ಥದ ಮಾತೂ ಆ ತೀರ್ಪಿನಲ್ಲಿತ್ತು. ಕೇಳಿದವರಿಗೆ ಇದಕ್ಕಿಂತ ದೊಡ್ಡ ಸವಾಲು ಬೇಕಿರಲಿಲ್ಲ.

ವಿಂಬಲ್ಡನ್‌ಗೆ ಹೋದವರು ಕಾಮನ್ ಬಯಲಿಗೂ ಹೋಗಬೇಕು. ಓಕ್, ಬರ್ಚ್ ಮರಗಳ ನಡುವೆ ಕುದುರೆ ಸವಾರರು, ನಾಯಿ ಕರೆತಂದವರು ಓಡಾಡುವ ಆ ಬಯಲಿನಲ್ಲಿ 1817ರ ಗಾಳಿಗಿರಣಿಯೊಂದಿದೆ. ಮಕ್ಕಳ ಕಥೆಗಳಲ್ಲಿ ಬರುವ, ಜನ ಬಿಸಾಡಿದ ಕಸ ಹೆಕ್ಕಿ ಉಪಯೋಗಕ್ಕೆ ತರುವ ವೂಂಬಲ್ ಎಂಬ ಪ್ರಾಣಿಗಳ ಕಾಲ್ಪನಿಕ ಬಿಲಗಳಿರುವುದೂ ಇಲ್ಲಿಯೇ. ತೀರ್ಪು ಬಂದು ಒಂದೇ ತಿಂಗಳಿಗೆ, 2002ರ ಜೂನ್ 29ರಂದು, ಈ ಬಯಲಿನಲ್ಲಿ ಹೊಸ ತಂಡಕ್ಕೆ ಆಟಗಾರರ ಆಯ್ಕೆ ನಡೆಯಿತು. ಯಾರು ಬೇಕಾದರೂ ಬರಬಹುದಿತ್ತು. ಇನ್ನೂರಕ್ಕೂ ಹೆಚ್ಚು ಜನ ಬಂದರು. ಎ.ಎಫ್.ಸಿ. ವಿಂಬಲ್ಡನ್ ಎಂದು ಹೆಸರಾಯಿತು. ಜುಲೈ 10ರಂದು ಸಟನ್ ಯುನೈಟೆಡ್ ವಿರುದ್ಧ ಆಡಿದ ಮೊದಲ ಸ್ನೇಹಪರ ಪಂದ್ಯದಲ್ಲಿ 4-0ಯಿಂದ ಸೋತದ್ದೂ ಆಯಿತು. ಆದರೆ ನೋಡಲು ಬಂದವರು 4,657 ಜನ! ಇತ್ತ ಸೆಲ್ಹರ್ಸ್ಟ್ ಪಾರ್ಕ್‌ನಲ್ಲಿ ಇನ್ನೂ ಆಡುತ್ತಿದ್ದ ಹಳೆಯ ತಂಡದ ಒಂದು ಲೀಗ್ ಪಂದ್ಯಕ್ಕೆ ಆ ವರ್ಷ ಸಾವಿರ ಜನವೂ ಸೇರಲಿಲ್ಲ.

ಹೊಸ ತಂಡಕ್ಕೆ ಸಿಕ್ಕಿದ್ದು ಕಂಬೈನ್ಡ್ ಕೌಂಟೀಸ್ ಲೀಗ್. ಎಲೆಕ್ಟ್ರಿಷಿಯನ್ನು, ಮೇಷ್ಟ್ರು ಇಂಥವರು ಕೆಲಸ ಮುಗಿಸಿ ಬಂದು ಆಡುವ ದರ್ಜೆ. ಮೈದಾನ ಪಕ್ಕದ ಕಿಂಗ್‌ಸ್ಟನ್‌ನ ಕಿಂಗ್ಸ್‌ಮೆಡೋ. ಅಲ್ಲಿಂದ ಒಂಬತ್ತು ಋತುಗಳಲ್ಲಿ ಐದು ಬಡ್ತಿ. ನಡುವೆ 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ 78 ಲೀಗ್ ಪಂದ್ಯಗಳಲ್ಲಿ ಸೋಲೇ ಇಲ್ಲ. 2011ರ ಮೇ ತಿಂಗಳಲ್ಲಿ ಲೂಟನ್ ತಂಡವನ್ನು ಪೆನಾಲ್ಟಿಗಳಲ್ಲಿ 4-3ರಿಂದ ಸೋಲಿಸಿ ಮತ್ತೆ ಫುಟ್‌ಬಾಲ್ ಲೀಗ್‌ನೊಳಗೆ ಕಾಲಿಟ್ಟಿತು.

ಇನ್ನು ಎದುರು ಪಕ್ಷದ ಊರನ್ನು ನೋಡದೆ ತೀರ್ಮಾನ ಹೇಳುವುದು ನ್ಯಾಯವಲ್ಲ. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ವೇಗದ ರೈಲು ಮುಕ್ಕಾಲು ಗಂಟೆಯೊಳಗೆ ಮಿಲ್ಟನ್ ಕೀನ್ಸ್ ತಲುಪಿಸುತ್ತದೆ. 1967ರಲ್ಲಿ ಸರಕಾರ ಯೋಜಿಸಿ ಕಟ್ಟಲು ತೊಡಗಿದ ಹೊಸ ಪಟ್ಟಣವಿದು. ಚೌಕಾಬಾರದ ಮನೆಗಳಂತೆ ಅಡ್ಡ-ಉದ್ದ ಹಾದ ರಸ್ತೆಗಳು, ಎಲ್ಲೆಲ್ಲೂ ವೃತ್ತಗಳು, ಸಾಲುಮರಗಳು, ಹುಲ್ಲುಗಾವಲಿನಲ್ಲಿ ಊರಿನ ಗುರುತೇ ಆಗಿಹೋದ ಕಾಂಕ್ರೀಟಿನ ಹಸುಗಳು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಗೂಢಲಿಪಿ ಭೇದಿಸಿದ ಬ್ಲೆಚ್ಲಿ ಪಾರ್ಕ್ ಕೂಡ ಇಲ್ಲಿಯೇ ಇದೆ. ವಿದ್ಯಾರ್ಥಿಗಳು ತಪ್ಪದೆ ನೋಡಬೇಕಾದ ಜಾಗ. ಇಷ್ಟು ಬೆಳೆದ ಊರಿಗೆ ಲೀಗ್ ಮಟ್ಟದ ಒಂದು ಫುಟ್‌ಬಾಲ್ ತಂಡವಿರಲಿಲ್ಲ. ಕೆಳಗಿನಿಂದ ಕಟ್ಟಿಕೊಂಡು ಬರಲು ಹಲವು ವರ್ಷ ಬೇಕು. ಸಿದ್ಧ ತಂಡ ಸಿಕ್ಕರೆ ಬೇಡವೆನ್ನಲು ಮನಸ್ಸಾಗಲಿಲ್ಲ. 2003ರ ಸೆಪ್ಟೆಂಬರ್‌ನಲ್ಲಿ ತಂಡ ಬಂತು, 2004ರಲ್ಲಿ ಹೆಸರು ಮಿಲ್ಟನ್ ಕೀನ್ಸ್ ಡಾನ್ಸ್ ಆಯಿತು, 2007ರಲ್ಲಿ ಹೊಸ ಕ್ರೀಡಾಂಗಣ ಎದ್ದಿತು.

ಆ ವರ್ಷಗಳಲ್ಲಿ ಅಪ್ಪನ ಕೈ ಹಿಡಿದು ಅಲ್ಲಿಗೆ ಹೋದ ಎಂಟು ವರ್ಷದ ಮಗುವಿಗೆ ಆಯೋಗವೂ ಗೊತ್ತಿಲ್ಲ, ಪ್ಲೌ ಲೇನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನೂರಿನ ಬಿಳಿ ಅಂಗಿಯ ತಂಡ. 2014ರ ಆಗಸ್ಟ್‌ನಲ್ಲಿ ಲೀಗ್ ಕಪ್ ಪಂದ್ಯದಲ್ಲಿ ಆ ತಂಡ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 4-0ಯಿಂದ ಬಗ್ಗುಬಡಿದಾಗ ಕುಣಿದಾಡಿದ ಮಕ್ಕಳದ್ದು ಸುಳ್ಳು ಅಭಿಮಾನವೆನ್ನಲಾದೀತೆ? ತಪ್ಪು ಮಾಡಿದವರು ದೊಡ್ಡವರು. 2007ರಲ್ಲಿ ಮಿಲ್ಟನ್ ಕೀನ್ಸ್‌ನವರು 1988ರ ಕಪ್ಪಿನ ಪ್ರತಿಕೃತಿಯೂ ಸೇರಿದಂತೆ ಹಳೆಯ ಗೌರವಗಳನ್ನು ವಿಂಬಲ್ಡನ್ ಇರುವ ಮರ್ಟನ್ ಪುರಸಭೆಗೆ ಒಪ್ಪಿಸಿ, ಆ ಇತಿಹಾಸ ತಮ್ಮದಲ್ಲವೆಂದು ಒಪ್ಪಿಕೊಂಡರು. ಡಾನ್ಸ್ ಎಂಬ ಹೆಸರನ್ನು ಮಾತ್ರ ಬಿಡಲಿಲ್ಲ. ಆ ಹೆಸರು ವಿಂಬಲ್ಡನ್‌ನವರಿಗೆ ಕಣ್ಣಿನ ಕಸ. 2012ರ ಡಿಸೆಂಬರ್ 2ರಂದು ಎರಡು ತಂಡಗಳು ಎಫ್.ಎ. ಕಪ್‌ನಲ್ಲಿ ಮೊದಲ ಬಾರಿ ಎದುರಾದಾಗ, ಆ ಕ್ರೀಡಾಂಗಣದಲ್ಲಿ ಕಾಲಿಡುವುದಿಲ್ಲವೆಂದು ಹಲವು ಅಭಿಮಾನಿಗಳು ಮನೆಯಲ್ಲೇ ಉಳಿದರು. ಮಿಲ್ಟನ್ ಕೀನ್ಸ್ 2-1ರಿಂದ ಗೆದ್ದಿತು.

ವಿಂಬಲ್ಡನ್‌ನವರಿಗೆ ಮರಳಿ ಬರುವುದು ಲೀಗ್ ಏರುವುದಕ್ಕಿಂತ ಕಷ್ಟವಾಯಿತು. ಹಳೆಯ ಮೈದಾನವಿದ್ದಲ್ಲಿ ರೆನಾಲ್ಡ್ಸ್ ಗೇಟ್ ಎಂಬ ವಸತಿ ಸಮುಚ್ಚಯ ನಿಂತಿದೆ. ನಾಲ್ಕು ಗೋಲಿನ ಎಡ್ಡಿ ರೆನಾಲ್ಡ್ಸ್ ಹೆಸರಷ್ಟೇ ಅಲ್ಲಿ ಉಳಿದದ್ದು. ಅದರಿಂದ ಕೂಗಳತೆ ದೂರದಲ್ಲಿ, ಬೇಟೆನಾಯಿಗಳ ಓಟ ನಡೆಯುತ್ತಿದ್ದ ಜಾಗದಲ್ಲಿ ಹೊಸ ಮೈದಾನಕ್ಕೆ ಕೈ ಹಾಕಿದರು. ಕೆಲಸ ಅರ್ಧವಾದಾಗ ಹಣ ಸಾಲಲಿಲ್ಲ. ಈ ಕ್ಲಬ್ಬಿನ ಬಹುಪಾಲು ಒಡೆತನ ಅಭಿಮಾನಿಗಳ ಟ್ರಸ್ಟಿನದು; ಅಲ್ಲಿ ಸದಸ್ಯನಿಗೆ ಒಂದೇ ಮತ, ಎಷ್ಟೇ ಹಣ ಕೊಟ್ಟಿರಲಿ. ಹೊರಗಿನ ಬಂಡವಾಳಗಾರರಿಗೆ ಆ ಒಡೆತನ ಬಿಟ್ಟುಕೊಟ್ಟು ಮೈದಾನ ಮುಗಿಸಬೇಕೇ ಎಂಬ ಪ್ರಶ್ನೆ 2019ರ ಕೊನೆಯಲ್ಲಿ ಎದ್ದಿತು. ಒಮ್ಮೆ ಮಾಲೀಕರಿಂದಲೇ ಊರು ಕಳೆದುಕೊಂಡವರು ಅದಕ್ಕೆ ಸಿದ್ಧರಿರಲಿಲ್ಲ. ಬಾಂಡುಗಳನ್ನು ಹೊರಡಿಸಿದರು, ಕೆಲವೇ ವಾರಗಳಲ್ಲಿ ಅಭಿಮಾನಿಗಳು ಐವತ್ತು ಲಕ್ಷ ಪೌಂಡ್‌ಗಿಂತ ಹೆಚ್ಚು ಹಣ ಕೂಡಿಸಿದರು.

2020ರ ನವೆಂಬರ್ 3ರಂದು ಡಾಂಕಾಸ್ಟರ್ ರೋವರ್ಸ್ ವಿರುದ್ಧ ಹೊಸ ಪ್ಲೌ ಲೇನ್‌ನಲ್ಲಿ ಮೊದಲ ಪಂದ್ಯ ನಡೆಯಿತು. ಕೊರೊನಾ ಕಾಲ, ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮೈದಾನಕ್ಕಾಗಿ ಉಳಿತಾಯ ಸುರಿದವರೆಲ್ಲ ಮನೆಯಲ್ಲಿ ಕುಳಿತು ಪರದೆಯ ಮೇಲೆ ನೋಡಿದರು. ಪಂದ್ಯ 2-2ರಿಂದ ಡ್ರಾ ಆಯಿತು. ಆಸನಗಳು ಪೂರ್ತಿ ತುಂಬುವುದಕ್ಕೆ ಮರುವರ್ಷದವರೆಗೆ ಕಾಯಬೇಕಾಯಿತು. ತಂಡ ಆಮೇಲೆ ಒಂದು ದರ್ಜೆ ಕೆಳಗಿಳಿದು, 2025ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ವಾಲ್ಸಾಲ್ ತಂಡವನ್ನು 1-0ಯಿಂದ ಸೋಲಿಸಿ ಮತ್ತೆ ಏರಿತು.

ನೋಡಲು ಹೋಗುವವರಿಗೆ ಹೇಡನ್ಸ್ ರೋಡ್ ರೈಲು ನಿಲ್ದಾಣ ಹತ್ತಿರ. ಪಂದ್ಯದ ದಿನ ಮಕ್ಕಳ ಕೈ ಕುಲುಕುತ್ತ ಓಡಾಡುವ, ತುಪ್ಪಳದ ವೇಷ ತೊಟ್ಟ ವೂಂಬಲ್‌ಗೂ ಹೇಡನ್ ಎಂದೇ ಹೆಸರು. ತಂಡ ಇನ್ನೂ ಕಿಂಗ್‌ಸ್ಟನ್‌ನಲ್ಲಿ ಆಡುತ್ತಿದ್ದಾಗ, 2006ರಲ್ಲೇ, ಈ ನಿಲ್ದಾಣದ ಹೆಸರನ್ನು ಅದಕ್ಕೆ ಇಟ್ಟಿದ್ದರು.